ಅಪ್ಪನನ್ನು ಕೇಳು

"ಗುರುಗಳೇ, ಮಗಳ ಬ್ರೌಸರಿಗೆ ಫಿಲ್ಟರ್ ಹಾಕಿಸಿದ್ದೇನೆ. ಕೆಟ್ಟದ್ದೊಂದೂ ಒಳಗೆ ಬರುವುದಿಲ್ಲವಂತೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವಳು ಹೈಸ್ಕೂಲು ಓದುವ ಮಗಳೊಬ್ಬಳೇ. ದಿನವಿಡೀ ಅಂಗಡಿಯಲ್ಲಿರುವವನು ಮಗಳ ಮೇಲೆ ಕಣ್ಣಿಡುವುದು ಹೇಗೆ? ಅವಳ ಬ್ರೌಸರಿಗೆ ಫಿಲ್ಟರ್ ಹಾಕಿಸಿದ. ಬೇಡದ ಪುಟವನ್ನು ಅದು ತಡೆಯುತ್ತಿತ್ತು; ಜೊತೆಗೆ 'ಅಪ್ಪನನ್ನು ಕೇಳು' ಎಂಬ ಬಟನ್ ತೋರಿಸುತ್ತಿತ್ತು. ಮಗಳು ಅದನ್ನು ಒತ್ತಿದರೆ ಅಪ್ಪನ ಫೋನು ಗುಂಯ್ ಎನ್ನುತ್ತಿತ್ತು.

ಮೊದಮೊದಲು ಫೋನು ಮೇಲಿಂದ ಮೇಲೆ ಗುಂಯ್ಗುಟ್ಟಿತು. ಗಿರಾಕಿಗಳ ಗದ್ದಲದಲ್ಲಿ ಓದಲು ಪುರಸೊತ್ತೆಲ್ಲಿ? ಕೇಳಿದ್ದೇನೆಂದು ನೋಡದೆ 'ಬೇಡ' ಎಂದು ಒತ್ತಿಬಿಡುತ್ತಿದ್ದ. ಬೇಡ ಎಂದರೆ ಯಾವ ತಪ್ಪೂ ಆಗುವುದಿಲ್ಲವೆಂಬ ಧೈರ್ಯ ಅವನದು. ಬರಬರುತ್ತ ಫೋನು ಸುಮ್ಮನಾಯಿತು. ಮಗಳು ದಾರಿಗೆ ಬಂದಳು ಎಂದು ಅಕ್ಕಪಕ್ಕದ ಅಂಗಡಿಯವರ ಮುಂದೆ ಕೊಚ್ಚಿಕೊಂಡ.

ಆದರೆ ಮನೆಯಲ್ಲೂ ಅವಳು ಸುಮ್ಮನಾಗಿದ್ದಳು. ಊಟ ಬಡಿಸುವಳು, ತಟ್ಟೆ ತೊಳೆದಿಟ್ಟು ಕೋಣೆ ಸೇರುವಳು. ಹಿಂದೆ ಅದೇಕೆ, ಇದೇಕೆ ಎಂದು ತಲೆ ತಿನ್ನುತ್ತಿದ್ದ ಹುಡುಗಿ ಅವಳು. ಒಂದು ದಿನ ಅವನು ತಡೆಯಲಾರದೆ, "ಯಾಕಮ್ಮಾ, ಈಗ ನನ್ನನ್ನ ಏನೂ ಕೇಳೋದೇ ಇಲ್ಲ?" ಎಂದ.

"ಕೇಳಿದ್ದೆನಲ್ಲಪ್ಪ. ಅಮ್ಮನಿಗೆ ಎದೆಯಲ್ಲಿ ಗಂಟಾಗಿತ್ತಲ್ಲ, ಅದು ನನಗೂ ಬರುತ್ತಾ ಅಂತ ನೋಡೋಕೆ ಹೋದೆ. 'ಎದೆ' ಅನ್ನೋ ಪದ ಕಂಡು ಫಿಲ್ಟರ್ ತಡೀತು. ನಿನ್ನನ್ನ ಕೇಳಿದೆ. ನೀನು ಬೇಡ ಅಂದ್ಯಲ್ಲ. ಆಮೇಲೆ ಗೆಳತಿ ಫೋನಲ್ಲಿ ನೋಡಿಕೊಂಡೆ."

ಇನ್ನು ಮೇಲೆ ಏನಿದ್ದರೂ ನನ್ನನ್ನು ಕೇಳು ಎಂದು ವ್ಯಾಪಾರಿ ಅಂಗಲಾಚಿದ. ಅವಳು ತಲೆಯಾಡಿಸಿದಳು, ಅಷ್ಟೆ. ಅವನು ಫಿಲ್ಟರ್ ತೆಗೆಸಲಿಲ್ಲ. ಆ ಬಟನ್ ಆದರೂ ಇರಲಿ ಎಂದುಕೊಂಡ. ಅಂದಿನಿಂದ ಗಿರಾಕಿ ಎದುರಿಗೆ ನಿಂತಿದ್ದರೂ ಅವನ ಕಣ್ಣು ಫೋನಿನ ಮೇಲೆಯೇ. ಒಂದೇ ಒಂದು ಸಲ ಮಗಳು ಕೇಳಲಿ, ಏನನ್ನಾದರೂ ಕೇಳಲಿ ಎಂದು ಹಂಬಲಿಸಿದ. ಫೋನು ಗುಂಯ್ ಎನ್ನಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ತಾಳ್ಮೆಯಿರಲಿಲ್ಲ. "ಹಾಗಾದರೆ ಫಿಲ್ಟರ್ ಕೆಲಸ ಮಾಡಿತೋ ಇಲ್ಲವೋ, ಗುರುಗಳೇ?"

"ನಿನ್ನ ಮಗಳು ಕೊನೆಯ ಸಲ ನಿನ್ನನ್ನು ಕೇಳಿದ್ದೇನು, ಚನ್ನವೀರ?" ಎಂದರು ಗುರುಗಳು.

ಚನ್ನವೀರ ನೆನಪಿಸಿಕೊಳ್ಳುತ್ತ ಕೂತ.