ಕೊನೆಯ ಗುಂಡಿನ ದೀಪ

ಹೊಳೆಯ ದಂಡೆಯ ಮೇಲೆ ಅಡವಯ್ಯಜ್ಜನ ಆಶ್ರಮವಿತ್ತು. ಬೆಳಗಿನ ಜಪ ಮುಗಿದ ಮೇಲೆ ಅಲ್ಲಿ ಕೈಗೆಲಸ. ಮುಚ್ಚಿಹೋದ ಕ್ಲಬ್ಬುಗಳಿಂದ ಬಂದ ಹಳೆಯ ಪಿನ್‌ಬಾಲ್ ಯಂತ್ರಗಳನ್ನು ಅಜ್ಜ ರಿಪೇರಿ ಮಾಡುತ್ತಿದ್ದರು.

ಯಂತ್ರವೆಂದರೆ ಗಾಜು ಮುಚ್ಚಿದ ಇಳಿಜಾರು ಮೇಜು. ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಓಡುತ್ತದೆ. ಅದು ಜಾರಿ ಬರುವಾಗ ಎರಡು ಪುಟ್ಟ ರೆಕ್ಕೆಗಳಿಂದ ಹೊಡೆದು ಮತ್ತೆ ಮೇಲಕ್ಕೆ ಕಳುಹಿಸಬೇಕು. ಮೇಜಿನ ತುದಿಯಲ್ಲಿ ಬಣ್ಣದ ಚಿತ್ರವಿರುವ ಗಾಜು ನಿಂತಿರುತ್ತದೆ. ಚಿತ್ರದ ಹಿಂದೆ ಬಲ್ಬುಗಳು.

ಅಜ್ಜನಿಗೆ ತುಳಜವ್ವನೆಂಬ ಶಿಷ್ಯೆಯಿದ್ದಳು. ಅವಳ ಕೈ ಚುರುಕು, ಸಿಟ್ಟೂ ಚುರುಕು. ತಪ್ಪು ತೋರಿಸಿದಾಗ ಮುನಿಸಿಕೊಂಡು ಎರಡು ಸಲ ಆಶ್ರಮ ಬಿಟ್ಟು ಹೋಗಿದ್ದಳು. ಎರಡು ಸಲವೂ ತಾನಾಗಿಯೇ ಹಿಂತಿರುಗಿದ್ದಳು. ಅಜ್ಜ ಕೇಳಿದ್ದು ಒಂದೇ ಮಾತು:

"ಊಟ ಆಯಿತೇ?"

ಒಂದು ದಿನ ಸಾವಂತ್ರವ್ವ ತನ್ನ ಯಂತ್ರವನ್ನು ದೋಣಿಯಲ್ಲಿ ಹಾಕಿಸಿಕೊಂಡು ಬಂದಳು. ಆಚೆಯ ದಡದ ದೋಣಿಗಟ್ಟೆಯ ಬಳಿ ಚಹಾ ಮಾರುವವಳು. ಅವಳ ಗಂಡ ಹತ್ತಿಗಿರಣಿಯ ಕ್ಲಬ್ಬಿನಲ್ಲಿ ಕಾವಲುಗಾರನಾಗಿದ್ದ. ಗಿರಣಿ ಮುಚ್ಚಿದಾಗ ಈ ಯಂತ್ರವನ್ನು ಅವನಿಗೇ ಕೊಟ್ಟಿದ್ದರು. ಅವನು ತೀರಿಕೊಂಡ ಮೇಲೆ ಅದನ್ನು ಗೋಣಿಚೀಲದಿಂದ ಮುಚ್ಚಿಟ್ಟಿದ್ದಳು.

"ಒಂದು ಆಟಕ್ಕೆ ಐದು ಗುಂಡುರೀ ಅಜ್ಜಾರ," ಎಂದಳು ಸಾವಂತ್ರವ್ವ. "ನಾಲ್ಕು ನಮ್ಮ ಮನೆಯವರು ಆಡೋರು. ಐದನೇದು ನನಗೇ ಬಿಡೋರು. ಆ ಕೊನೆಯ ಗುಂಡು ಇನ್ನೊಂದು ಸಲ ಆಡಬೇಕರೀ. ಅಷ್ಟಾದರೆ ಸಾಕು."

"ಎಷ್ಟನೆಯ ಗುಂಡು ಎಂದು ಹೇಗೆ ತಿಳಿಯುತ್ತದೆ? ಓದು ಬರುತ್ತದೆಯೇ?"

"ಓದು ಎಲ್ಲಿಂದ ಬರಬೇಕರೀ! ಗಾಜಿನ ಮೂಲೆಯಲ್ಲಿ ಐದು ಸಣ್ಣ ದೀಪ ಅದಾವಲ್ಲ? ಗುಂಡಿಗೊಂದು. ಐದನೇ ದೀಪ ಆರಿದರೆ ಆಟ ಮುಗೀತು ಅಂತ ಅವರೇ ಕಲಿಸಿದ್ದರು."

ಅಜ್ಜ ತಂತಿಗಳನ್ನೂ ಸುರುಳಿಗಳನ್ನೂ ಸರಿಪಡಿಸಿದರು. ಬಲ್ಬು ಹಾಕುವ ಕೆಲಸವನ್ನು ಮೊದಲ ಬಾರಿಗೆ ತುಳಜವ್ವನ ಕೈಗೆ ಕೊಟ್ಟರು.

"ಈ ಡಬ್ಬಿಯಲ್ಲಿರುವುದು ನಿಲ್ಲುವ ಬಲ್ಬು, ಒಂದೇ ಸಮನೆ ಉರಿಯುತ್ತದೆ. ಈ ಡಬ್ಬಿಯಲ್ಲಿರುವುದು ಮಿನುಗುವ ಬಲ್ಬು."

"ಇದು ತಾನಾಗಿಯೇ ಹೇಗೆ ಮಿನುಗುತ್ತದೆ ಅಜ್ಜಾರೇ?"

"ಒಳಗೊಂದು ಸಣ್ಣ ಲೋಹದ ಪಟ್ಟಿಯಿದೆ. ಕಾವೇರಿದರೆ ಬಾಗಿ ಸಂಪರ್ಕ ಬಿಡುತ್ತದೆ, ಬಲ್ಬು ಆರುತ್ತದೆ. ತಣಿದರೆ ಮರಳಿ ಬಂದು ಕೂಡಿಕೊಳ್ಳುತ್ತದೆ, ಬಲ್ಬು ಉರಿಯುತ್ತದೆ."

"ಇದನ್ನು ಎಲ್ಲೆಲ್ಲಿ ಹಾಕಲಿ?"

"ಬೆಳಕು ಎಲ್ಲಿ ತಾನಾಗಿ ಅಲುಗುತ್ತದೆಯೋ ಅಲ್ಲಿ."

ತುಳಜವ್ವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು.

ಬಲ್ಬು ಹಾಕುವುದು ಹಿಂದಿನಿಂದ. ಚಿತ್ರ ಕಾಣುವುದು ಮುಂದಿನಿಂದ. ಆದ್ದರಿಂದ ಪ್ರತಿಯೊಂದು ಬಲ್ಬನ್ನು ಹಾಕಿದ ಮೇಲೂ ಮುಂದೆ ಬಂದು, ಆಡುವವರ ಜಾಗದಲ್ಲಿ ನಿಂತು, ಅದು ಕಾವೇರುವವರೆಗೆ ಕಾದು ನೋಡುವುದು ಆಶ್ರಮದ ಪದ್ಧತಿ.

ಆ ದಿನ ತುಳಜವ್ವ ಅದನ್ನು ಪಾಲಿಸಲಿಲ್ಲ. ಅವಳ ಮನಸ್ಸು ತುಂಬಿತ್ತು. ದಿಕ್ಕಿಲ್ಲದೆ ಆಚೆಯ ದೋಣಿಗಟ್ಟೆಗೆ ಬಂದಿಳಿದ ದಿನ ಅವಳಿಗೆ ಅನ್ನ ಹಾಕಿದವಳು, ಆಶ್ರಮದ ದಾರಿ ತೋರಿಸಿದವಳು ಇದೇ ಸಾವಂತ್ರವ್ವ. ಆ ಋಣಕ್ಕೆ ಬೆಳಕನ್ನೇ ಸುರಿಯಬೇಕು ಎಂದುಕೊಂಡಳು. ಮಿನುಗುವ ಬಲ್ಬಿನ ಡಬ್ಬಿಯನ್ನು ಖಾಲಿ ಮಾಡಿದಳು.

ಕೊನೆಯದೊಂದು ಉಳಿಯಿತು. ಐದನೆಯ ಗುಂಡು ಸಾವಂತ್ರವ್ವನ ಪಾಲಿನದು, ಅದರ ದೀಪ ಎಲ್ಲಕ್ಕಿಂತ ಚೆಂದವಿರಲಿ ಎಂದು ಅದನ್ನು ಅಲ್ಲಿ ಕೂರಿಸಿದಳು.

ಸಂಜೆ ಸಾವಂತ್ರವ್ವ ಮಂಡಕ್ಕಿಯ ಗಂಟು ಹಿಡಿದು ಬಂದಳು. ಅಜ್ಜ ಸ್ವಿಚ್ಚು ಹಾಕಿದರು.

ಗಾಜಿನ ಮೇಲೆ ಸರ್ಕಸ್ಸಿನ ಚಿತ್ರ ಬೆಳಗಿತು. ಡೇರೆ, ಉಯ್ಯಾಲೆಯ ಹುಡುಗಿ, ಬಾಯಿ ತೆರೆದ ಸಿಂಹ, ಉರಿಯುವ ಬೆಂಕಿಯ ಬಳೆ. ಸ್ವಲ್ಪ ಹೊತ್ತಿಗೆ ಬಲ್ಬುಗಳು ಕಾವೇರಿದವು. ಆಮೇಲೆ ಎಲ್ಲವೂ ಒಮ್ಮೆಲೇ ಮಿನುಗತೊಡಗಿದವು. ಹುಡುಗಿ ಕಂಡು ಮಾಯವಾದಳು. ಡೇರೆ ಅರ್ಧ ಉಳಿಯಿತು.

"ಅಯ್ಯ ತಂಗಿ," ಎಂದು ಸಾವಂತ್ರವ್ವ ನಕ್ಕಳು, "ಸಿಂಹದ ಹಲ್ಲೂ ಮಿಣುಕಾಕ ಹತ್ತ್ಯಾವಲ್ಲ! ಹಲ್ಲುನೋವೇನು ಅದಕ್ಕ?"

ತುಳಜವ್ವನೂ ನಕ್ಕಳು. ಅಜ್ಜ ನಗಲಿಲ್ಲ.

ನಾಲ್ಕು ಗುಂಡುಗಳನ್ನು ಅಜ್ಜನೇ ಆಡಿದರು. ಐದನೆಯ ದೀಪ ಹೊತ್ತಿತು. ಅಜ್ಜ ಪಕ್ಕಕ್ಕೆ ಸರಿದರು.

ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿಯನ್ನು ಎಳೆದಳು. ಗುಂಡು ಏರಿತು. ಗಂಟೆ ಬಾರಿಸಿತು. ಕೆಳಗಿಳಿಯಿತು. ಅವಳು ರೆಕ್ಕೆ ಹೊಡೆದಳು, ಮತ್ತೆ ಏರಿತು. ಅವಳ ಮುಖ ಹುಡುಗಿಯ ಮುಖದಂತಾಯಿತು.

ಆಗ ಐದನೆಯ ದೀಪ ಆರಿತು.

"ಮುಗೀತೇನರೀ?" ಎಂದು ಸಾವಂತ್ರವ್ವ ಕೈ ತೆಗೆದಳು.

ಗುಂಡು ಇನ್ನೂ ಮೇಲೆಯೇ ಇತ್ತು. ಅದು ನಿಧಾನವಾಗಿ ಜಾರಿ, ಅಲುಗದ ರೆಕ್ಕೆಗಳ ನಡುವೆ ಹಾದು, ಒಳಗೆ ಬಿದ್ದುಹೋಯಿತು.

"ಇರಲಿ ಬಿಡರಿ. ಇಷ್ಟಾದರೂ ಆಡಿದೆನಲ್ಲ," ಎಂದಳು ಸಾವಂತ್ರವ್ವ. ಅವಳ ಕೈ ಮಾತ್ರ ಇನ್ನೂ ಗಾಜನ್ನು ಸವರುತ್ತಿತ್ತು.

ಐದನೆಯ ದೀಪಕ್ಕೂ ತಾನೇ ಮಿನುಗುವ ಬಲ್ಬು ಹಾಕಿದ್ದು ತುಳಜವ್ವನಿಗೆ ಆಗ ಹೊಳೆಯಿತು.

"ಮಾಡಬಾರದ್ದನ್ನೇ ಮಾಡಿದೆ. ಈ ಕೈಗೆ ಈ ಕೆಲಸ ಸಲ್ಲದು. ಇನ್ನು ನನ್ನನ್ನು ಇಟ್ಟುಕೊಳ್ಳಬೇಡಿ," ಎಂದು ಹೊರಗೆ ನಡೆದಳು.

ಅಜ್ಜ ಕರೆಯಲಿಲ್ಲ.

ಅವಳು ಈ ದಡದ ದೋಣಿಗಟ್ಟೆಯ ಕೊನೆಯ ಮೆಟ್ಟಿಲಿನವರೆಗೂ ಹೋದಳು. ದೋಣಿ ಆಚೆಯ ದಡದಲ್ಲಿತ್ತು. ಕಾಲು ನೀರಿಗಿಟ್ಟು ಕುಳಿತಳು. ಎದೆ ಸುಡುತ್ತಿತ್ತು. ನೀರು ತಣ್ಣಗಿತ್ತು.

ಆಚೆಯ ದಡದಲ್ಲಿ ದೋಣಿಯವನು ಕಂದೀಲು ಹಚ್ಚಿದ. ಹೊಳೆಯಲ್ಲಿ ಅದರ ಪ್ರತಿಬಿಂಬ ಅಲುಗಿತು. ಕಂದೀಲು ಮಾತ್ರ ಅಲುಗಲಿಲ್ಲ. ಈ ದಡದಲ್ಲಿ ದೋಣಿಗಾಗಿ ಕಾಯುತ್ತಿದ್ದವರು ನೀರನ್ನು ನೋಡುತ್ತಿರಲಿಲ್ಲ, ಕಂದೀಲನ್ನೇ ನೋಡುತ್ತಿದ್ದರು.

ತುಳಜವ್ವ ಬಹಳ ಹೊತ್ತು ನೋಡಿದಳು. ದೋಣಿ ಈ ದಡಕ್ಕೆ ಬಂದು ನಿಂತಾಗ ಅವಳು ಎದ್ದು, ದೋಣಿ ಹತ್ತದೆ, ಬಂದ ದಾರಿಯಲ್ಲೇ ಮರಳಿದಳು.

ಆಶ್ರಮದ ಬಾಗಿಲು ತೆರೆದೇ ಇತ್ತು. ಯಂತ್ರವನ್ನು ಯಾರೂ ಆರಿಸಿರಲಿಲ್ಲ. ಅಜ್ಜನೂ ಸಾವಂತ್ರವ್ವನೂ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದರು. ಮೂರನೆಯ ಪಾಲು ಎಲೆಯ ಮೇಲೆ ಹಾಗೆಯೇ ಇತ್ತು.

"ಊಟ ಆಯಿತೇ?" ಎಂದರು ಅಜ್ಜ.

ತುಳಜವ್ವ ಮೊದಲು ಆಡುವವರ ಜಾಗದಲ್ಲಿ ಬಂದು ನಿಂತಳು. ಚಿತ್ರವನ್ನು ಆಗಲೇ ಮೊದಲ ಬಾರಿಗೆ ಗಮನವಿಟ್ಟು ನೋಡಿದಳು.

ಆಮೇಲೆ ಹಿಂದೆ ಹೋಗಿ ಸಿಂಹದ ಹಲ್ಲಿನ ಬಲ್ಬು ಬದಲಿಸಿದಳು. ಮುಂದೆ ಬಂದು ನೋಡಿದಳು. ಹುಡುಗಿಯ ಬಲ್ಬು ಬದಲಿಸಿದಳು. ಮತ್ತೆ ಬಂದು ನೋಡಿದಳು. ಹೀಗೆ ಹೋಗಿ ಬಂದು, ಹೋಗಿ ಬಂದು, ಬೆಂಕಿಯ ಬಳೆಯ ಹಿಂದೆ ಮಾತ್ರ ಮಿನುಗುವ ಬಲ್ಬುಗಳನ್ನು ಉಳಿಸಿದಳು.

ಎಲ್ಲಕ್ಕಿಂತ ಕೊನೆಗೆ ಐದನೆಯ ಗುಂಡಿನ ದೀಪ. ಅಲ್ಲಿ ನಿಲ್ಲುವ ಬಲ್ಬನ್ನು ಕೂರಿಸಿ, ಎರಡು ಸಲ ಒತ್ತಿ ನೋಡಿದಳು.

"ಏಕೆ ಬದಲಿಸಿದೆ?" ಎಂದು ಅಜ್ಜ ಕೇಳಿದರು.

"ಬೆಂಕಿ ಅಲುಗಬಹುದು ಅಜ್ಜಾರೇ. ಕಾಯುವವರು ನಂಬಿ ನೋಡುವ ದೀಪ ಅಲುಗಬಾರದು."

ಹೊಸ ಆಟ ಶುರುವಾಯಿತು. ಈ ಬಾರಿ ನಾಲ್ಕು ಗುಂಡುಗಳನ್ನು ತುಳಜವ್ವ ಆಡಿದಳು. ಬೇಗ ಬೇಗ ಸೋತಳು.

"ನೀನೂ ನಮ್ಮ ಮನೆಯವರ ಹಂಗ ಆಡ್ತಿ ನೋಡು," ಎಂದಳು ಸಾವಂತ್ರವ್ವ. "ಅವರಿಗೂ ಬರತಿರಲಿಲ್ಲ. ನಾಲ್ಕೂ ಕಳೆದು, ಐದನೇದು ನೀನೇ ಉಳಿಸು ಅಂತಿದ್ದರು."

ಐದನೆಯ ದೀಪ ಹೊತ್ತಿತು. ಸಾವಂತ್ರವ್ವ ಹಿಡಿಯನ್ನು ಎಳೆದಳು.

ಗುಂಡು ಏರಿತು, ಇಳಿಯಿತು, ಏರಿತು. ಬಳೆಯಲ್ಲಿ ಬೆಂಕಿ ಮಿಣುಕಿತು. ಮೂಲೆಯ ಪುಟ್ಟ ದೀಪ ನಿಂತೇ ಉರಿಯಿತು. ಸಾವಂತ್ರವ್ವ ಒಮ್ಮೊಮ್ಮೆ ಅದನ್ನು ಓರೆಗಣ್ಣಿನಿಂದ ನೋಡಿ, ನಿಶ್ಚಿಂತೆಯಿಂದ ಆಡಿದಳು. ಕಡೆಗೊಮ್ಮೆ ಗುಂಡು ತಪ್ಪಿ ಒಳಗೆ ಬಿದ್ದಿತು. ದೀಪ ಆರಿತು.

"ಈಗ ಮುಗೀತು," ಎಂದು ಅವಳು ಸಮಾಧಾನದಿಂದ ಹೇಳಿದಳು. ತುಳಜವ್ವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಕಡೆಯ ದೋಣಿ ಹಿಡಿಯಲು ಹೊರಟುಹೋದಳು.

ತುಳಜವ್ವ ಎಲೆಯ ಮುಂದೆ ಕುಳಿತಳು. ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ.

"ಅಜ್ಜಾರೇ, ಮೂರು ಸಲ ಬಿಟ್ಟುಹೋದೆ. ನೀವು ಒಂದು ಸಲವೂ ಕರೆಯಲಿಲ್ಲ, ಒಂದು ಸಲವೂ ಬಾಗಿಲು ಹಾಕಲಿಲ್ಲ. ಇವಳು ಇನ್ನು ಬರುವುದಿಲ್ಲ ಎಂದು ನಿಮಗೆ ಅನಿಸಲಿಲ್ಲವೇ?"

ಅಜ್ಜ ಗಾಜಿನ ಕಡೆ ನೋಡಿದರು. ಬಳೆಯ ಅಂಚಿನಲ್ಲಿ ಒಂದು ಬಲ್ಬು ಆಗಷ್ಟೇ ಆರಿತ್ತು. ಅದು ಮತ್ತೆ ಹೊತ್ತಿಕೊಳ್ಳುವವರೆಗೆ ಅದನ್ನೇ ನೋಡಿದರು.

"ಪಟ್ಟಿ ಬಿಟ್ಟುಹೋದಾಗ ಬಲ್ಬಷ್ಟೇ ಆರುತ್ತದೆ ತಂಗಿ," ಎಂದರು. "ಕರೆಂಟು ಹೊಸ್ತಿಲಲ್ಲಿ ನಿಂತೇ ಇರುತ್ತದೆ."