ತಳ ಆರದ ಹರವಿಗಳು

ಶಿಷ್ಯೆ ಕೇಳಿದಳು: "ಗುರುಗಳೇ, ಅಪ್ಪನ ಹೆಸರಿನಲ್ಲಿ ವಿಮೆ ಮಾಡಿಸುತ್ತಿದ್ದೇನೆ. ಹೋದ ವರ್ಷ ಅವರಿಗೆ ಎದೆನೋವು ಬಂದಿತ್ತು. ಅದನ್ನು ಬರೆಯುವ ಜಾಗ ಖಾಲಿ ಬಿಡಿ ಎಂದರು ಏಜೆಂಟರು. ನಾನು ಸುಳ್ಳು ಬರೆಯುತ್ತಿಲ್ಲ, ಬರೆಯದೆ ಬಿಡುತ್ತಿದ್ದೇನೆ ಅಷ್ಟೆ. ಅದರಲ್ಲೇನು ತಪ್ಪು?"

ಗುರು ಹೇಳಿದರು:

ಒಂದು ಊರಿನಲ್ಲಿ ಏಳು ಮಂದಿ ಕುಂಬಾರರು ಒಂದೇ ಆವಿಗೆಯಲ್ಲಿ ಮಡಕೆ ಸುಡುತ್ತಿದ್ದರು. ಅವರಲ್ಲಿ ಹಿರಿಯನಾದ ಅಜ್ಜ ಆವಿಗೆ ಜೋಡಿಸುತ್ತಿದ್ದ. ಯಾರದಾದರೂ ಮಡಕೆ ಬೆಂಕಿಯಲ್ಲಿ ಒಡೆದರೆ ಉಳಿದವರು ತಮ್ಮ ಮಡಕೆಗಳಲ್ಲಿ ಕೆಲವನ್ನು ಕೊಟ್ಟು ಅವನ ನಷ್ಟ ತುಂಬಿಸಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಒಬ್ಬರ ಮಡಕೆಯನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸುವುದಿಲ್ಲ. ಅದು ಹೇಗಿದೆಯೆಂದು ಮಾಡಿದವನೇ ಹೇಳಬೇಕು.

ಒಬ್ಬ ಕುಂಬಾರ ಗಾಣದವನಿಗೆ ಎಣ್ಣೆ ತುಂಬುವ ಇಪ್ಪತ್ತು ದೊಡ್ಡ ಹರವಿ ಕೊಡಲು ಒಪ್ಪಿದ್ದ. ದಿನ ತಪ್ಪಿದರೆ ಗಾಣದವನು ಪಕ್ಕದೂರಿಗೆ ಹೋಗುತ್ತಾನೆ, ಮತ್ತೆ ತಿರುಗಿ ಬರುವುದಿಲ್ಲ. ಆವಿಗೆ ಹಾಕುವ ದಿನ ಬಂತು. ಅವನ ಹೆಂಡತಿ ಒಂದು ಹರವಿಯ ತಳವನ್ನು ಕೆನ್ನೆಗೆ ಒತ್ತಿ ನೋಡಿದಳು. ತಣ್ಣಗಿತ್ತು.

"ತಳ ಇನ್ನೂ ಆರಿಲ್ಲ ಕಣ್ರೀ. ಅಜ್ಜನಿಗೆ ಒಂದು ಮಾತು ಹೇಳಿ."

"ಹೇಳಿದರೆ ಮುಂದಿನ ಸಲ ತಾ ಅಂತಾನೆ ಆ ಮುದುಕ. ಕೇಳಿದರೆ ಹೇಳ್ತೀನಿ. ಅಲ್ಲೀತನಕ ನಿನ್ನ ಕೆನ್ನೆ ನಿನ್ನ ಹತ್ತಿರವೇ ಇರಲಿ."

ಎಷ್ಟಿವೆ ಎಂದಷ್ಟೇ ಅಜ್ಜ ಕೇಳಿದ. ಇಪ್ಪತ್ತು ಎಂದ ಕುಂಬಾರ. ಅದು ನಿಜವೇ ಆಗಿತ್ತು. ದೊಡ್ಡವೆಂದು ಅಜ್ಜ ಅವನ್ನು ಎಲ್ಲಕ್ಕಿಂತ ಕೆಳಗೆ, ಬೆಂಕಿಗೆ ಹತ್ತಿರ ಇಟ್ಟ. ಮಿಕ್ಕವರ ಮಡಕೆಗಳನ್ನು ಅವುಗಳ ಮೇಲೆ ಪೇರಿಸಿದ.

ಬೆಂಕಿ ಏರಿದಾಗ ಒಳಗೆ ಒಂದು ಸದ್ದಾಯಿತು. ಆಮೇಲೆ ಬಹಳ ಹೊತ್ತು ಸದ್ದಾಗುತ್ತಲೇ ಇತ್ತು.

ಆವಿಗೆ ತೆರೆದ ದಿನ ಅಜ್ಜ ಹರವಿಯ ಒಂದು ಚೂರನ್ನು ಎತ್ತಿಕೊಂಡು ನೋಡಿದ. "ಇದು ಹಸಿ ಇತ್ತೇನೋ?"

"ನೀನು ಕೇಳಲಿಲ್ಲವಲ್ಲ ಅಜ್ಜ."

"ಇದನ್ನು ತಟ್ಟಿದವನು ನೀನೋ ನಾನೋ? ಒಂದು ಮಾತು ಹೇಳಿದ್ದರೆ ಮೇಲಿನ ಸಾಲಿಗೆ ಇಡ್ತಿದ್ದೆ. ಅಲ್ಲಿ ಕಾವು ನಿಧಾನ. ಎಲ್ಲಾ ಉಳಿತಿತ್ತು."

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: "ಉಳಿದವರು ಅವನ ನಷ್ಟ ತುಂಬಿಸಿಕೊಟ್ಟರೇ?"

"ತುಂಬಿಸಿಕೊಡಬೇಕಾದ ಮಡಕೆಗಳೂ ಅದೇ ಆವಿಗೆಯಲ್ಲಿದ್ದವು."