ಹೊನ್ನಮ್ಮನ ಖಾರದ ಪುಡಿ

ಒಂದಾನೊಂದು ಕಾಲದಲ್ಲಿ, ಒಂದು ಮನೇಲಿ ಮೆಣಸಿನಕಾಯಿ ಕುಟ್ಟಿದ್ರೆ ಇಡೀ ಬೀದಿಯೇ ಸೀನ್ತಿದ್ದ ಕಾಲದಲ್ಲಿ, ಮುದ್ದಯ್ಯ ಅಂತ ಒಬ್ಬ ಕಂಬಳಿ ನೇಯೋನು ಇದ್ದನಂತೆ. ಕಾಲು ಒದೀಬೇಡ, ಸುಮ್ನೆ ಮಲಕ್ಕೊಂಡು ಕೇಳು. ಅವನ ಹೆಂಡ್ತಿ ಹೊನ್ನಮ್ಮ ಬೇಸಿಗೆ ಬಂತು ಅಂದ್ರೆ ಗಂಡನ ಕೈಲಿ ಮೆಣಸಿನಕಾಯಿ ತೊಟ್ಟು ಮುರಿಸಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಎಲ್ಲಾ ಹುರಿದು, ವರ್ಷಕ್ಕಾಗೋವಷ್ಟು ಖಾರದ ಪುಡಿ ಕುಟ್ಟೋಳಂತೆ. ಆ ಪುಡಿ ಹಾಕಿದ ಸಾರಿಗೆ ಮುದ್ದಯ್ಯ ಮುದ್ದೆ ಮೇಲೆ ಮುದ್ದೆ ಉಣ್ಣೋನಂತೆ. ಈಗಿನ ಪೊಟ್ಟಣದ ಪುಡಿಗೆ ಆ ಘಮ ಎಲ್ಲಿಂದ ಬರಬೇಕು ಹೇಳು!

ಆಮೇಲೆ ಒಂದು ವರ್ಷ ಹೊನ್ನಮ್ಮ ತೀರಿಕೊಂಡ್ಳಂತೆ. ಅವಳು ಕುಟ್ಟಿಟ್ಟ ಪುಡಿ ಇರೋವರೆಗೂ ಮುದ್ದಯ್ಯ ಹೇಗೋ ಉಂಡ, ಡಬ್ಬಿ ತಳ ಕಂಡ ದಿನದಿಂದ ತುತ್ತು ಗಂಟಲಲ್ಲಿ ಇಳೀಲಿಲ್ವಂತೆ. ಒಂದು ಹನಿ ಕಣ್ಣೀರೂ ಹಾಕದೆ ಸೊರಗಿ ಕಡ್ಡಿಯಾದನಂತೆ. ಹೀಗೇ ಬಿಟ್ರೆ ಅಪ್ಪ ಉಳಿಯೋಲ್ಲ ಅಂತ, ಮದುವೆಯಾಗಿ ಹೋಗಿದ್ದ ಮೂರು ಹೆಣ್ಣುಮಕ್ಕಳಿಗೂ ದಿಗಿಲಾಯ್ತಂತೆ.

ಮೊದಲು ದೊಡ್ಡವಳು ಬಂದು, ತೊಟ್ಟನ್ನೂ ತಾನೇ ಮುರಿದು, ಅವ್ವ ಹಾಕ್ತಿದ್ದಿದ್ದನ್ನೆಲ್ಲ ಹಾಕಿ ಕುಟ್ಟಿದ್ಳಂತೆ. ಅಪ್ಪ ಬೆರಳಲ್ಲಿ ನೆಕ್ಕಿ ನೋಡಿ, ಇದಲ್ಲ ಕಣವ್ವಾ ಅಂದುಬಿಟ್ಟನಂತೆ. ಆಮೇಲೆ ನಡುವಿನವಳು ಬಂದ್ಳು. ಅವಳು ಸಾಹುಕಾರರ ಮನೆ ಸೊಸೆ, ಗತ್ತು ಜಾಸ್ತಿ, ಚಕ್ಕೆ ಲವಂಗ ಏಲಕ್ಕಿ ಎಲ್ಲಾ ಸುರಿದು ಕುಟ್ಟಿದ್ಳಂತೆ. ಅಪ್ಪ ಮೂಸಿ ನೋಡಿ, ಇದು ಮದುವೆ ಮನೇದು, ನಮ್ಮನೇದಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದನಂತೆ. ಇಬ್ಬರೂ ಅಪ್ಪನಿಗೆ ಒಂದು ಕೆಲಸಾನೂ ಮುಟ್ಟೋಕೆ ಬಿಡಲಿಲ್ಲ. ಪಾಪ ಸಂಕಟದಲ್ಲಿದ್ದಾನೆ, ಸುಮ್ನೆ ಕೂತಿರಲಿ ಅಂದ್ಕೊಂಡ್ರಂತೆ.

ಆಮೇಲೆ ಚಿಕ್ಕವಳು ಪುಟ್ಟಗೌರಿ ಬಂದ್ಳಂತೆ, ಕಂಕುಳಲ್ಲಿ ಎಳೆ ಕೂಸು. ಬಾಣಲೆ ಇಟ್ಟು ಹುರಿಯೋಕೆ ಕೂತ್ರೆ ಇತ್ತ ಕೂಸು ಕಿರುಚುತ್ತೆ, ಅತ್ತ ಕೊತ್ತಂಬರಿ ಸೀದುಹೋಗುತ್ತೆ. ಅವಳಿಗೆ ರೇಗಿಹೋಗಿ, ಮೆಣಸಿನಕಾಯಿ ಮೊರಾನ ಅಪ್ಪನ ಮುಂದೆ ಕುಕ್ಕಿ, ಏನಪ್ಪಾ ಹಂಗೇ ಕೂತಿದ್ದೀಯಾ, ಅವ್ವ ಇದ್ದಾಗ ತೊಟ್ಟು ಮುರೀತಿದ್ದೋನು ನೀನೇ ಅಲ್ವಾ, ಮುರಿ ಅಂದ್ಳಂತೆ.

ಮುದ್ದಯ್ಯ ಒಂದು ಕಾಯಿ ಎತ್ಕೊಂಡು ತೊಟ್ಟು ಮುರಿದ. ಆಮೇಲೆ ಅದನ್ನ ತಲೆಕೆಳಗು ಮಾಡಿ, ಮೊರಕ್ಕೆ ಟಕ ಟಕ ಬಡಿದು, ಒಳಗಿನ ಬೀಜಾನೆಲ್ಲ ಉದುರಿಸಿದನಂತೆ. ಬೀಜ ಯಾಕಪ್ಪಾ ತೆಗೀತೀಯಾ ಅಂದ್ಳು ಗೌರಿ. ನಿಮ್ಮವ್ವ ಹೊಸದಾಗಿ ಬಂದಾಗ ಖಾರ ತಡೀತಿರಲಿಲ್ಲ ಕಣವ್ವಾ, ಅತ್ತೆಗೆ ಹೆದರಿ ಕಣ್ಣಲ್ಲಿ ನೀರು ಹಾಕ್ಕೊಂಡೇ ಉಣ್ಣೋಳು, ಅದಕ್ಕೆ ಯಾರಿಗೂ ಹೇಳದೆ ಬೀಜ ಉದುರಿಸಿಬಿಡ್ತಿದ್ದೆ, ಆಮೇಲೆ ಅದೇ ರೂಢಿಯಾಯ್ತು ಅಂದನಂತೆ. ಅಷ್ಟು ಹೇಳೋ ಹೊತ್ತಿಗೆ ಘಾಟು ಮೂಗಿಗೇರಿ ಒಂದು ಸೀನು, ಆಮೇಲೆ ಇನ್ನೊಂದು ಸೀನು, ಆಮೇಲೆ ದಳದಳ ಕಣ್ಣೀರು. ಹೆಂಡ್ತಿ ಹೋದಾಗಿಂದ ತಡೆದಿಟ್ಟಿದ್ದ ಅಳು ಅದು. ಮೆಣಸಿನಕಾಯಿ ಘಾಟು ಕಣವ್ವಾ ಅಂತಾನೇ ಅತ್ತನಂತೆ. ಹೂಂ ಅಪ್ಪಾ, ಘಾಟೇ, ಅಂತ ಗೌರಿನೂ ಅತ್ತಳಂತೆ.

ಸಂಜೆಗೆ ಪುಡಿಯಾಯ್ತು, ಸಾರೂ ಆಯ್ತು. ಮುದ್ದಯ್ಯ ಒಂದು ತುತ್ತು ಬಾಯಿಗಿಟ್ಟು, ಇದೇ ಕಣವ್ವಾ ಅಂತ ಮುದ್ದೆ ಪೂರ್ತಿ ಉಂಡನಂತೆ. ಹೊನ್ನಮ್ಮನ ಕೈರುಚಿ ಅಂತ ಊರೆಲ್ಲಾ ಹೊಗಳ್ತಿದ್ದಿದ್ರಲ್ಲಿ ಅರ್ಧ ಅವನ ಕೈಯದೇ ಅಂತ ಅವನಿಗೂ ಗೊತ್ತಾಗಿದ್ದು ಅವತ್ತೇ.

ಆಮೇಲೆ ಬೇಸಿಗೆ ಬಂದಾಗೆಲ್ಲ ಮೂರೂ ಜನ ತವರಿಗೆ ಬಂದು ಪುಡಿ ಕುಟ್ಟೋರಂತೆ, ಅಪ್ಪ ಪಕ್ಕದಲ್ಲೇ ಕೂತು ಬೀಜ ಉದುರಿಸ್ತಾ ಹೊನ್ನಮ್ಮನ ಮಾತಾಡೋನಂತೆ. ಅಲ್ಲಿಗೆ ಪುಡಿ ಡಬ್ಬಿ ಸೇರಿತು, ಕತೆಯೂ ಮುಗೀತು. ಏ ಮಗಾ, ಮಲಗೇಬಿಟ್ಯಾ?